ಒಂದೊಂದು ಹಿಡಿ ಅಕ್ಕಿ ಬೆಲ್ಲ

ಗೃಹಪ್ರವೇಶಕ್ಕೆ ಹಸು ಬೇಕು ಎಂದು ಯಾರಾದರೂ ಫೋನ್ ಮಾಡಿದರೆ ಈಗ ನಾನು ಮಾತು ಮುಗಿಯುವವರೆಗೂ ಕಾಯುವುದಿಲ್ಲ. ಆಗುವುದಿಲ್ಲ ಎಂದು ಇಟ್ಟುಬಿಡುತ್ತೇನೆ. ಹೋದ ವಾರ ಇಲ್ಲೇ ಟೆಕ್ಸಾಸಿನ ಸ್ಟಾಫರ್ಡ್‌ನಿಂದ ಒಬ್ಬರು ಮಾಡಿದ್ದರು. ಅವರದೇನೂ ತಪ್ಪಿರಲಿಲ್ಲ. ಆದರೂ ಬೈದೆ.

ಫ್ಲೂಗರ್‌ವಿಲ್ ಆಚೆ ನಮ್ಮದೊಂದು ಒಣ ಜಮೀನಿದೆ. ಆಸ್ಟಿನ್‌ನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಾನೂ ನನ್ನ ಗಂಡನೂ ಅಲ್ಲಿ ಆರು ಕಾಂಕ್ರೇಜ್ ಹಸುಗಳನ್ನು ಸಾಕಿದ್ದೆವು. ಕಛ್ ಮರುಭೂಮಿಯ ಸುತ್ತಲಿನ ತಳಿ. ಬೂದು ಮೈ, ದೊಡ್ಡ ಕೊಂಬು, ತಲೆ ಎತ್ತಿ ನಡೆಯುವ ಗತ್ತು. ಟೆಕ್ಸಾಸಿನ ಆಗಸ್ಟ್ ಬಿಸಿಲಿಗೆ ಬೇರೆ ದನಗಳು ನೆರಳು ಹುಡುಕಿ ಮಲಗಿದರೆ ಇವು ಬಯಲಲ್ಲಿ ಒಣಹುಲ್ಲು ಮೇಯುತ್ತಿರುತ್ತವೆ. ಮೈಯಲ್ಲಿ ಕೊಬ್ಬು ಕಡಿಮೆ, ಬೇಸಿಗೆಯಲ್ಲಿ ಪಕ್ಕೆಲುಬು ಕಾಣುತ್ತದೆ. ಅದು ಅವುಗಳ ಆರೋಗ್ಯದ ಲಕ್ಷಣ.

ಕ್ಯಾರಲ್ಟನ್‌ನಲ್ಲಿ ಮನೆ ಕೊಂಡ ಗೆಳತಿ ಹನ್ನೆರಡು ವರ್ಷದ ಸ್ನೇಹದ ಮೇಲೆ ಕೇಳಿದಳು. ಹಸು, ಕರು ಎರಡೂ ಒಳಗೆ ಕಾಲಿಡಬೇಕಂತೆ. ಒಪ್ಪಿದೆ. ಒಂದೇ ಷರತ್ತು ಹಾಕಿದೆ: ಹಸುವಿಗೆ ಯಾರೂ ಏನೂ ತಿನ್ನಿಸಬಾರದು, ಹುಲ್ಲು ನಾನೇ ತರುತ್ತೇನೆ. ವಾಟ್ಸಾಪಿನಲ್ಲೂ ಬರೆದು ಕಳಿಸಿದೆ. ಕೈಮುಗಿದ ಚಿತ್ರ ಬಂತು.

ಟ್ರೇಲರ್ ಕಟ್ಟಿಕೊಂಡು ಮೂರೂವರೆ ಗಂಟೆ ಡ್ರೈವ್ ಮಾಡಿದೆ. ಅಕ್ಕಪಕ್ಕದವರು ದೂರು ಕೊಟ್ಟಾರೆಂದು ಗರಾಜಿನ ಬಾಗಿಲಿಂದಲೇ ಹಸು, ಕರು ಮನೆಯೊಳಗೆ ಬಂದವು. ಹೊಸ ನೆಲದ ಮೇಲೆ ಗೊರಸು ಜಾರದಂತೆ ಜಮಖಾನ ಹಾಸಿದ್ದರು. ಪೂಜೆ ಚೆನ್ನಾಗಿಯೇ ಆಯಿತು. ಹಸುವನ್ನು ಹಿತ್ತಲಿನ ಬೇಲಿಗೆ ಕಟ್ಟಿದೆ. "ಬಾರೇ, ಎಲೆ ಹಾಕಿದ್ದಾರೆ, ಊಟ ಮಾಡ್ಕೊಂಡ್ ಹೋಗು," ಎಂದಳು ಗೆಳತಿ. ಹೋದೆ.

ಕೈ ತೊಳೆದು ಹಿತ್ತಲಿಗೆ ಬಂದರೆ ಹೆಂಗಸರು, ಗಂಡಸರು ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ನೆನೆಸಿದ ಅಕ್ಕಿ, ಬೆಲ್ಲ, ಬಾಳೆಹಣ್ಣು. ಒಬ್ಬೊಬ್ಬರದೂ ಒಂದೊಂದು ಹಿಡಿಯಂತೆ. ನಲವತ್ತು ಸಂಸಾರ ಬಂದಿತ್ತು. ಹಸುವಿನ ಮುಂದೆ ಆಗಲೇ ನೆಕ್ಕಿ ಖಾಲಿ ಮಾಡಿದ ತಪ್ಪಲೆ ಬೇರೆ.

"ಮಮ್ಮಿ, ಆಂಟಿ ಸೆಡ್ ನೋ ಫೀಡಿಂಗ್," ಎಂದು ಒಂದು ಪುಟ್ಟ ಹುಡುಗಿ ಅಮ್ಮನ ಸೆರಗು ಎಳೆಯುತ್ತಿದ್ದಳು. ಆ ಗುಂಪಿನಲ್ಲಿ ಬುದ್ಧಿ ಇದ್ದದ್ದು ಅವಳೊಬ್ಬಳಿಗೆ.

"ಗೋಮಾತೆಗೆ ಕೊಟ್ರೆ ಏನೂ ಆಗಲ್ಲ ಪುಟ್ಟಾ," ಎಂದಳು ತಾಯಿ.

ನಾನು ಹಗ್ಗ ಬಿಚ್ಚುತ್ತಿದ್ದಾಗ ಹಿರಿಯರೊಬ್ಬರು ನನಗೇ ಬುದ್ಧಿ ಹೇಳಿದರು. "ಎಷ್ಟು ಹಸಿದಿತ್ತು ನೋಡಮ್ಮ, ಪಾಪ. ಎಲುಬು ಕಾಣ್ತಿದೆ. ನೀವು ಸರಿಯಾಗಿ ಮೇವು ಹಾಕಲ್ವಾ?"

ಆ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಒಣಹುಲ್ಲು ಅರಗಿಸಲೆಂದೇ ಆದ ಹೊಟ್ಟೆ ಅದು. ಅಷ್ಟೊಂದು ಅಕ್ಕಿ ಬೆಲ್ಲ ಒಮ್ಮೆಗೇ ಬಿದ್ದರೆ ಒಳಗೆಲ್ಲ ಹುಳಿಯೇಳುತ್ತದೆ, ಮೆಲುಕು ನಿಲ್ಲುತ್ತದೆ. ತಲೆತಲಾಂತರದಿಂದ ಹಸುವಿಗೆ ಕೈಮುಗಿಯುವ ನಮ್ಮ ಜನಕ್ಕೆ ಹಸು ಏನು ತಿನ್ನುತ್ತದೆ ಎನ್ನುವುದು ಗೊತ್ತಿಲ್ಲ.

ಜಮೀನಿಗೆ ಕರೆತಂದ ಮರುದಿನ ಹಸು ಹುಲ್ಲು ಮುಟ್ಟಲಿಲ್ಲ. ಹಲ್ಲು ಕಡಿಯುತ್ತಾ ನಿಂತಿತ್ತು. ದನದ ಡಾಕ್ಟರು ಬಾಯಿಯಿಂದ ಹೊಟ್ಟೆಗೆ ಪೈಪ್ ಇಳಿಸಿದಾಗ ಹುಳಿ ವಾಸನೆಯ ನೀರು ಬಂತು. "ಇದಕ್ಕೆ ಯಾರು ಏನು ಕೊಟ್ಟರು?" ಎಂದು ಕೇಳಿದರು. ಪೂಜೆ ಎಂದು ಹೇಳಲು ನಾಚಿಕೆಯಾಯಿತು, ಪಾರ್ಟಿ ಎಂದೆ. ಮೂರನೆಯ ದಿನ ಮಧ್ಯಾಹ್ನ ಹಸು ಸತ್ತಿತು.

ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಾಗ ಗೆಳತಿಯ ಫೋನ್ ಬಂತು. ಸುದ್ದಿ ಅವಳಿಗೆ ಮುಟ್ಟಿತ್ತು.

"ಬೇಜಾರಾಯ್ತು ಕಣೇ. ಅದು ಮೊದ್ಲಿಂದ್ಲೇ ವೀಕ್ ಇತ್ತು ಅನ್ಸುತ್ತೆ," ಎಂದಳು. "ಒಂದ್ ಮಾತು ಕೇಳ್ಲಾ? ಇದ್ರಿಂದ ಮನೆಗೇನಾದ್ರೂ ದೋಷ ಬರುತ್ತಾ? ಪುರೋಹಿತ್ರನ್ನ ಕೇಳಿ ಶಾಂತಿ ಮಾಡಿಸ್ಬೇಕಾ?"

"ಮನೆಗೆ ಏನೂ ಆಗಲ್ಲ. ಹಸುನ ಕೊಂದಿದ್ದು ನೀವು," ಎಂದು ಫೋನ್ ಇಟ್ಟೆ. ಅವಳೊಡನೆ ಆಡಿದ ಕೊನೆಯ ಮಾತು ಅದು.

‘ನೀವು’ ಅಲ್ಲ, ‘ನಾವು’ ಎನ್ನಬೇಕಿತ್ತು. ನಲವತ್ತು ಸಂಸಾರದವರು ಹಿತ್ತಲಿನಲ್ಲಿ ಸಾಲು ನಿಂತಾಗ ನಾನು ಒಳಗೆ ಎಲೆಯ ಮುಂದೆ ಕೂತು, ಸಾಕು ಎನ್ನದೆ, ಇನ್ನೊಂದು ಹೋಳಿಗೆ ಬಡಿಸಿಕೊಳ್ಳುತ್ತಿದ್ದೆ.