ಮೊದಲು ಕೈ ಎತ್ತದ ಮಾವ

ನನ್ನ ಸೋದರಮಾವ ಕೋಟು ಹೊಲಿಯುವುದರಲ್ಲಿ ನಿಸ್ಸೀಮರು. ಕಾಲು ಕೆರೆದು ಜಗಳಕ್ಕೆ ಹೋಗುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿ, ಗುಂಡಿ ಹಾಕುವುದರಿಂದ ಹಿಡಿದು ತೋಳು ಕೂರಿಸುವವರೆಗೆ ಕಲಿಸಿ, ಅಂಗಡಿಯಲ್ಲಿ ಜೊತೆಗೆ ಕೂರಿಸಿಕೊಂಡವರು ಅವರೇ. ಹಾಗಾಗಿ ಅವರನ್ನು ಬೈಯುವ ಹಕ್ಕು ನನಗೆ ಧಾರಾಳವಾಗಿದೆ, ಅದನ್ನು ದಿನವೂ ಬಳಸುತ್ತೇನೆ.

ಜಗಳದಲ್ಲಿ ಅವರಿಗೊಂದು ನೇಮವಿತ್ತು. ಮೊದಲು ಕೈ ಎತ್ತುವವನು ಎದುರಿನವನೇ ಆಗಿರಬೇಕು. ಬಸ್ಸಿನ ಸಾಲಿನಲ್ಲಿ ಯಾರಾದರೂ ನುಗ್ಗಿದರೆ ಮಾವ ತಳ್ಳುತ್ತಿರಲಿಲ್ಲ. ಅವನ ಹೊಟ್ಟೆಯ ಬಗ್ಗೆ, ಆ ಹೊಟ್ಟೆಗೆ ಅಂಗಿ ಹೊಲಿದವನ ಕಷ್ಟದ ಬಗ್ಗೆ ಮೆತ್ತಗೆ ಮಾತಾಡುತ್ತಿದ್ದರು. ಅವನು ರೇಗಿ ಕಾಲರಿಗೆ ಕೈ ಹಾಕಿದನೋ, ಒಂದು ಬಿಗಿದು, ಸುತ್ತಲಿನವರ ಕಡೆ ತಿರುಗಿ ಅವನೇ ಮೊದಲು ಶುರುಮಾಡಿದ್ದಕ್ಕೆ ಸಾಕ್ಷಿ ಕೇಳುತ್ತಿದ್ದರು. ಜನರೂ ತಲೆಯಾಡಿಸುತ್ತಿದ್ದರು. ಎದೆಯ ಅಳತೆಯನ್ನು ಕಣ್ಣಲ್ಲೇ ಹೇಳುವ ಮಾವನಿಗೆ, ಯಾರ ತಾಳ್ಮೆ ಎಲ್ಲಿಗೆ ಮುಗಿಯುತ್ತದೆ ಎಂಬುದೂ ಕಣ್ಣಲ್ಲೇ ಗೊತ್ತಾಗುತ್ತಿತ್ತು. ಮನೆಗೆ ಬಂದು, "ನಾನು ಯಾರ ಮೇಲೂ ಮೊದಲು ಕೈ ಎತ್ತಿದವನಲ್ಲ" ಎಂದು ಎದೆ ಉಬ್ಬಿಸಿ ಹೇಳಿ, ಊಟಕ್ಕೆ ಕೂರುತ್ತಿದ್ದರು.

ನಮ್ಮ ಅಂಗಡಿಯ ಎದುರಿಗೆ ಇಸ್ತ್ರಿಯಣ್ಣನ ಅಂಗಡಿ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಮಾತು ಕಮ್ಮಿ. ಅವನ ಹೆಂಡತಿ ತವರಿಗೆ ಹೋದವಳು ವಾಪಸು ಬಂದಿರಲಿಲ್ಲ. ಬೀದಿಗೆಲ್ಲ ಗೊತ್ತಿದ್ದರೂ ಯಾರೂ ಅವನೆದುರು ಆ ಸುದ್ದಿ ಎತ್ತುತ್ತಿರಲಿಲ್ಲ. ಒಮ್ಮೆ ಅವನು ನಾವು ಹೊಲಿದ ಕರಿ ಕೋಟಿನ ಮೇಲೆ ತೆಳು ಬಟ್ಟೆ ಹಾಸದೆ ಇಸ್ತ್ರಿ ಪೆಟ್ಟಿಗೆ ಎಳೆದುಬಿಟ್ಟ. ಕರಿ ಬಟ್ಟೆಗೆ ಹಾಗೆ ಮಾಡಿದರೆ ಬೆನ್ನೆಲ್ಲ ಮಿರಮಿರ ಹೊಳೆಯುತ್ತದೆ. ಗಿರಾಕಿ ಬಂದು ಬೈದದ್ದು ಮಾವನನ್ನು. ಅಂದಿನಿಂದ ಮಾವ ಇಸ್ತ್ರಿಯಣ್ಣನನ್ನು ಚುಚ್ಚಲು ಶುರುಮಾಡಿದರು. ಅವನು ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದ. ತಲೆ ತಗ್ಗಿಸಿದಷ್ಟೂ ಮಾವನಿಗೆ ಉರಿ.

ಆ ದಿನ ಮಾವ ಕತ್ತರಿ ಕೆಳಗಿಟ್ಟು, "ನೋಡ್ತಿರು ಪುಟ್ಟಿ, ಇವತ್ತು ಕೈ ಎತ್ತುತ್ತಾನೆ" ಎಂದರು. ಕೊರಳಿನ ಟೇಪು ತೆಗೆದು ಮಿಷನ್ನಿನ ಮೇಲೆ ಹಾಕಿದರು. ಊಟಕ್ಕೆ ಕೂತಾಗಲೂ ಅವರ ಕೊರಳಿಂದ ಇಳಿಯದ ಟೇಪು ಅದು. ಹೊಡೆದಾಟದಲ್ಲಿ ಯಾರಾದರೂ ಹಿಡಿದೆಳೆದರೆ ಉಸಿರು ಕಟ್ಟುತ್ತದೆಂದು ಜಗಳಕ್ಕೆ ಹೋಗುವಾಗ ಮಾತ್ರ ಬಿಚ್ಚಿಡುತ್ತಿದ್ದರು. ಆಮೇಲೆ ಉದ್ದನೆಯ ಮರದ ಸ್ಕೇಲನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟಿದರು. ನಾನು ಬಾಗಿಲಿಗೆ ಬಂದೆ.

"ಊರವರ ಬಟ್ಟೆ ಸುಕ್ಕೆಲ್ಲ ತೆಗೀತೀಯ. ನಿನ್ನ ಮನೆ ಸುಕ್ಕು ತೆಗೆಯೋಕಾಗ್ಲಿಲ್ವಲ್ಲ, ಅದಕ್ಕೇ ಅಲ್ವಾ ಬಿಟ್ಟುಹೋಗಿದ್ದು?"

ಇಸ್ತ್ರಿಯಣ್ಣನ ತಲೆ ಮೇಲೆದ್ದಿತು, ಕೈಯೂ ಎದ್ದಿತು, ಕೈಯಲ್ಲಿ ಬಿಸಿ ಪೆಟ್ಟಿಗೆ. ಎಷ್ಟು ಎತ್ತಿದ್ದನೋ ಕಾಣಲಿಲ್ಲ. ಮಾವನ ಬೆನ್ನು ಅಡ್ಡವಿತ್ತು. ಸ್ಕೇಲು ಬೀಸಿದ ಸದ್ದು ಕೇಳಿತು. ಅವನ ಬಲಗೈ ಮಣಿಕಟ್ಟಿನ ಹತ್ತಿರ ಮುರಿದಿತ್ತು.

ಅವನು ಪೊಲೀಸರಿಗೆ ದೂರು ಕೊಟ್ಟ. ಮಾವನಿಗೆ ಒಂದಿಷ್ಟೂ ಚಿಂತೆಯಿಲ್ಲ. ಪೆಟ್ಟಿಗೆ ತಮ್ಮ ಮುಖದ ತನಕ ಬಂದಿತ್ತು, ತಾವು ಮಾಡಿದ್ದು ಪ್ರಾಣರಕ್ಷಣೆ, ಸಾಕ್ಷಿಗೆ ಮನೆಮಗಳೇ ಇದ್ದಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ಓಡಾಡಿದರು. ಚಿಂತೆಯೆಲ್ಲ ನನ್ನ ಪಾಲಿಗೆ. ಸುಳ್ಳು ಹೇಳಿದರೆ ಎದುರಿನ ಅಂಗಡಿಯವನ ಮುಖ ನೋಡುವ ಹಾಗಿಲ್ಲ, ನಿಜ ಹೇಳಿದರೆ ಸಾಕಿದವರು ಜೈಲು ನೋಡಬೇಕು.

ನಮ್ಮಲ್ಲೇ ಕೋಟು ಹೊಲಿಸುವ ವಕೀಲಮ್ಮ ಅಳತೆ ಸರಿನೋಡಲು ಬಂದಾಗ ಮಾವ ವಿಷಯ ತೆಗೆದರು. ಅವರ ಕೋಟಿನ ತೋಳಿಗೆ ಪಿನ್ನು ಚುಚ್ಚುತ್ತಾ ಕಥೆಯನ್ನು ಸೊಗಸಾಗಿ ಹೇಳಿದರು. ವಕೀಲಮ್ಮ ಎಲ್ಲ ಕೇಳಿ, ನಡುವೆ ಇಸ್ತ್ರಿ ಮೇಜು ಇತ್ತಲ್ಲವೇ, ಒಂದು ಹೆಜ್ಜೆ ಹಿಂದಿಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದರು. ಮಾವ ಪಿನ್ನು ಹುಡುಕತೊಡಗಿದರು. ವಕೀಲಮ್ಮ ನನ್ನ ಕಡೆ ತಿರುಗಿ, ಹೋಗುವ ಮೊದಲು ಮಾವ ಏನು ಮಾಡಿದರು ಎಂದು ಕೇಳಿದರು.

"ಟೇಪು ಬಿಚ್ಚಿಟ್ಟು, ಸ್ಕೇಲು ತಗೊಂಡ್ರು. ಇವತ್ತು ಕೈ ಎತ್ತುತ್ತಾನೆ ನೋಡು ಅಂದ್ರು," ಎಂದೆ. ಹೇಳುವಾಗ ನನಗೆ ಅಳು ಬಂದಿತ್ತು.

ವಕೀಲಮ್ಮ ನಿಟ್ಟುಸಿರುಬಿಟ್ಟರು. "ಮೇಲೆ ಬಿದ್ದವನಿಂದ ತಪ್ಪಿಸ್ಕೊಳ್ಳೋಕೆ ಹೊಡೀಬಹುದು ಮಾಸ್ಟರ್. ಹೊಡೆಯೋಕೆ ನೆಪ ಬೇಕು ಅಂತ ನೀವೇ ಅವನನ್ನ ಮೇಲೆ ಬೀಳಿಸ್ಕೊಂಡ್ರೆ ಕಾನೂನು ಒಪ್ಪಲ್ಲ." ಬರಿ ಮಾತು ಹೊಡೆತವಲ್ಲ, ಬೈಸಿಕೊಂಡವನು ಪೆಟ್ಟಿಗೆ ಎತ್ತಿದ್ದೂ ಸರಿಯಲ್ಲ ನಿಜ, ಆದರೆ ಜಗಳವನ್ನು ಮನೆಯಿಂದಲೇ ಹೊಲಿದುಕೊಂಡು ಹೋದವರಿಗೆ ರಕ್ಷಣೆಯ ಮಾತು ದಕ್ಕುವುದಿಲ್ಲ, ರಾಜಿ ಮಾಡಿಕೊಳ್ಳಿ ಎಂದರು.

ನಾನು ವಕೀಲಮ್ಮನಿಗೆ ಹೇಳಿದ್ದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಮಾವ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಅವರ ಬಾಯಿ ಮುಚ್ಚಿದ್ದನ್ನು ಕಂಡು ಗಿರಾಕಿಗಳು ಆರೋಗ್ಯ ವಿಚಾರಿಸಿದರು. ಮೂರನೆಯ ದಿನ ತಾವೇ ರಸ್ತೆ ದಾಟಿ ಹೋದರು. ದೂರು ವಾಪಸು ತೆಗೆಯಲು ಇಸ್ತ್ರಿಯಣ್ಣನ ಷರತ್ತು ಒಂದೇ: ಕೈ ಕೂಡುವವರೆಗೆ ಮಾವ ದಿನಾ ಸಂಜೆ ಬಂದು ಇಸ್ತ್ರಿ ಮಾಡಿಕೊಡಬೇಕು.

ನೋಡಬೇಕಿತ್ತು ಆ ಸಂಜೆಗಳನ್ನು. ಮಾತು ಕಮ್ಮಿಯವನು ಸ್ಟೂಲಿನ ಮೇಲೆ ಕೂತು ಮಡಿಕೆ ಸೊಟ್ಟ, ಕಾಲರು ಸೊಟ್ಟ, ಕರಿ ಪ್ಯಾಂಟಿಗೆ ಬಟ್ಟೆ ಹಾಸಿ ಎನ್ನುತ್ತಿದ್ದ. ಮಾವ ಬೆವರು ಒರೆಸಿಕೊಂಡು ನುಂಗಿಕೊಳ್ಳುತ್ತಿದ್ದರು. ಬಟ್ಟೆ ಮಡಿಸಿಕೊಡುತ್ತಿದ್ದ ನನಗೆ ನಗು ತಡೆಯುವುದೇ ದೊಡ್ಡ ಕೆಲಸ.

ಒಂದು ಸಂಜೆ ಅಂಗಿ ನೋಡುತ್ತಿದ್ದ ಇಸ್ತ್ರಿಯಣ್ಣ ಅಷ್ಟೇ ಸಹಜವಾಗಿ ಹೇಳಿದ:

"ನೀವೇ ಸಾಕಿದ ಹುಡುಗಿ. ಅವಳೇ ನಿಮ್ಮ ಪರ ನಿಲ್ಲಲಿಲ್ವಲ್ಲ, ಮಾಸ್ಟರ್."

ನನ್ನ ನಗು ಸತ್ತುಹೋಯಿತು. ಮಾವನ ಕೈಯಲ್ಲಿದ್ದ ಪೆಟ್ಟಿಗೆ ಬಟ್ಟೆ ಬಿಟ್ಟು ಮೇಲೆದ್ದಿತು, ಒಂದು ಗೇಣು. ಅಲ್ಲೇ ನಿಂತಿತು.

ಇಸ್ತ್ರಿಯಣ್ಣ ಕೂತಲ್ಲಿಂದ ಅಲ್ಲಾಡಲಿಲ್ಲ. ಪ್ಲಾಸ್ಟರು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪೆಟ್ಟಿಗೆಯನ್ನೇ ನೋಡಿದ.

"ಅವತ್ತು ನಾನೂ ಇಷ್ಟೇ ಎತ್ತಿದ್ದು," ಎಂದ.

ಮಾವ ತಮ್ಮ ಕೈ ನೋಡಿಕೊಂಡರು.

"ಹೌದು," ಎಂದರು. "ಇಷ್ಟೇ."