ಪರಿಚಯ ಭಾಷಣ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಅಂದು ಬೆಳಿಗ್ಗೆ ನಾನಿರುವ ಗ್ಯೋಟೋಕುವಿನಿಂದ ಹೊರಟ ರೈಲಿನಲ್ಲಿ ಕಾಲು ಕದಲಿಸಲೂ ಜಾಗವಿಲ್ಲದೆ ಇನ್ನಷ್ಟು ಚಡಪಡಿಸಿದೆ. ನಾನು ಚರಿತ್ರೆ ಕಲಿಸುವ ಟೋಕಿಯೋದ ಭಾರತೀಯ ಶಾಲೆಗೆ ಐನು ಹೆಂಗಸೊಬ್ಬರು ಮಾತನಾಡಲು ಬರುವವರಿದ್ದರು.

ಐನುಗಳು ಜಪಾನಿನ ಉತ್ತರ ಭಾಗದ ಮೂಲನಿವಾಸಿಗಳು. ಹತ್ತನೆಯ ತರಗತಿಯ ವಿಶ್ವ ಇತಿಹಾಸದ ಪುಸ್ತಕದಲ್ಲಿ ಅವರಿಗೆ ದಕ್ಕಿದ್ದು ಪುಟದ ಮೂಲೆಯ ಒಂದು ಚೌಕ, ಗಡ್ಡದ ಮುದುಕರೊಬ್ಬರ ಫೋಟೋ. ಅಮೆರಿಕ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಥೆಯೂ ಅಷ್ಟೇ. ನೆಲ ಕಿತ್ತುಕೊಂಡರು, ಭಾಷೆ ಬಿಡಿಸಿದರು, ಮಕ್ಕಳನ್ನು ಎಳೆದೊಯ್ದರು. ಎಲ್ಲ ನಿಜವೇ. ಪಾಠ ಮುಗಿದಾಗ, ಇಲ್ಲೇ ಹುಟ್ಟಿದ ಕನ್ನಡದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಕೇಳಿದಳು: "ಎಲ್ಲ ಬೇರೆಯವರೇ ಮಾಡಿದ್ದಾರೆ. ಇವರೇನೂ ಮಾಡಲೇ ಇಲ್ಲವಾ, ಮಿಸ್?" ಆ ಪ್ರಶ್ನೆ ವಾರಗಟ್ಟಲೆ ನನ್ನನ್ನು ಕೊರೆಯಿತು.

ಹೀಗೆ ಅವರಿವರನ್ನು ವಿಚಾರಿಸಿ ಈ ಐನು ಹೆಂಗಸನ್ನು ಹುಡುಕಿದೆ. ಅವರಿಗೆ ಹಗಲು ಆಫೀಸಿನ ಕೆಲಸ, ಶನಿವಾರ ಐನು ಭಾಷೆ ಕಲಿಸುವ ತರಗತಿ. ಫೋನಿನಲ್ಲಿ ಒಂದೇ ಷರತ್ತು ಹಾಕಿದರು: "ನನ್ನ ಪರಿಚಯ ನಾನೇ ಮಾಡಿಕೊಳ್ಳುತ್ತೇನೆ. ಬೇರೆಯವರು ಮಾಡುವುದಾದರೆ ಬರುವುದಿಲ್ಲ." ಹಿಂದೆ ಎಲ್ಲೋ ಅವರನ್ನು ಕಟ್ಟಕಡೆಯ ಐನು ಎಂದು ಪರಿಚಯಿಸಿದ್ದರಂತೆ. ನಾನು ಮಾತು ಕೊಟ್ಟೆ.

ಆದರೆ ಮೈಕು ಕಂಡರೆ ಬಿಡುವ ಪೈಕಿಯೇ ನಾವು? ನಮ್ಮ ಪ್ರಿನ್ಸಿಪಾಲರು ಮೈಸೂರಿನವರು, ಒಳ್ಳೆಯವರು. ಷರತ್ತನ್ನು ಹೇಳಿದಾಗ, "ಆಯ್ತು ಮೇಡಂ, ಆಯ್ತು. ಆದ್ರೂ ಮನೆಗ್ ಬಂದೋರಿಗೆ ಒಂದು ಶಾಲು ಹೊದಿಸ್ಬಾರ್ದಾ? ಎರಡು ಒಳ್ಳೇ ಮಾತಾಡ್ಬಾರ್ದಾ?" ಎಂದಿದ್ದರು. ನನಗೆ ಆಗಲೇ ದಿಗಿಲಾಗಿತ್ತು.

ಆಕೆ ಬೂದುಬಣ್ಣದ ಆಫೀಸ್ ಕೋಟಿನಲ್ಲಿ ಬಂದರು. ಕಸೂತಿಯ ಉಡುಪು ತೊಟ್ಟು ಬರುತ್ತಾರೆಂದು ಕಾದಿದ್ದ ಫೋಟೋಗ್ರಾಫರ್ ಮುಖ ಸಣ್ಣದಾಯಿತು. ದೀಪ ಬೆಳಗಿಸಿದ್ದಾಯಿತು, ಸ್ವಾಗತ ಗೀತೆಯಾಯಿತು. ಕೋಟಿನ ಮೇಲೆ ಜರಿಯ ಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿ. ಪಿರಿಯಡ್ ಅರ್ಧ ಮುಗಿದೇ ಹೋಗಿತ್ತು. ಅಷ್ಟರಲ್ಲಿ ಪ್ರಿನ್ಸಿಪಾಲ್ ಸಾರ್ ಮೈಕು ಹಿಡಿದು ಇಂಗ್ಲಿಷಿನಲ್ಲಿ ಶುರುಮಾಡಿದರು. ಕಾಲಗರ್ಭದಲ್ಲಿ ಕರಗಿಹೋದ ಮಹಾನ್ ಜನಾಂಗವಂತೆ, ಮುಗ್ಧರಂತೆ, ಪ್ರಕೃತಿಯ ಮಕ್ಕಳಂತೆ. ಕರಗಿಹೋದವರು ಪಕ್ಕದಲ್ಲೇ ಬುಟ್ಟಿ ಹಿಡಿದು ಕೂತಿದ್ದರು.

ನನಗೆ ಮುಳ್ಳಿನ ಮೇಲೆ ಕೂತಂತಾಗಿತ್ತು. ಆಕೆ ಬುಟ್ಟಿಯನ್ನು ಕೆಳಗಿಟ್ಟು ಕುರ್ಚಿಯ ಅಂಚಿಗೆ ಸರಿದರು. ಹೊರಟೇಬಿಡುತ್ತಾರೆ ಎನಿಸಿತು. ಕೆಲಸ ಹೋದರೂ ಹೋಗಲಿ, ಪ್ರಿನ್ಸಿಪಾಲರ ಬಾಯಿ ಮುಚ್ಚಿಸುತ್ತೇನೆ ಎಂದು ಎದ್ದು ನಿಂತೆ. ಆಕೆ ನನ್ನನ್ನು ನೋಡಿದರು. ಅಂಗೈಯನ್ನು ಕೆಳಮುಖ ಮಾಡಿ, ಕೂತುಕೋ ಎಂದು ಸನ್ನೆ ಮಾಡಿದರು. ಮಕ್ಕಳ ಮುಂದೆ ಪೆಚ್ಚಾಗಿ ಕೂತೆ.

ಸಾರ್ ಮುಗಿಸಿದ ಮೇಲೆ ಆಕೆ ಶಾಲು ಮಡಚಿಟ್ಟು, ಮೈಕು ಬಿಟ್ಟು ಮಕ್ಕಳ ನಡುವೆ ಬಂದು ನಿಂತರು. "ಈಗ ಕೇಳಿದ್ದರಲ್ಲಿ ನಿಮಗೆ ಅನುಮಾನ ಬಂದದ್ದು ಯಾವುದು? ನನ್ನನ್ನೇ ಕೇಳಿ" ಎಂದರು. ಒಂದೊಂದಾಗಿ ಕೈಗಳು ಎದ್ದವು. ಆಕೆ ತಮ್ಮ ಅಜ್ಜಿ ಅಡುಗೆಮನೆಯಲ್ಲಿ ಮಾತ್ರ ಪಿಸುಗುಟ್ಟುತ್ತಿದ್ದ ಭಾಷೆಯ ಬಗ್ಗೆ ಹೇಳಿದರು. ಮಕ್ಕಳನ್ನು ಶಾಲೆಯಲ್ಲಿ ಯಾರೂ ಹಂಗಿಸಬಾರದೆಂದು ಅಮ್ಮ ಅದನ್ನು ಬೇಕೆಂದೇ ಕಲಿಸಲಿಲ್ಲವಂತೆ. ತಾವು ನಡುವಯಸ್ಸಿನಲ್ಲಿ ಹಳೆಯ ಕ್ಯಾಸೆಟ್ಟು ಕೇಳಿ ಕಲಿತರಂತೆ. ಸಂಶೋಧನೆಗೆಂದು ಅಗೆದು ಒಯ್ದ ಹಿರಿಯರ ಮೂಳೆಗಳನ್ನು ಊರಿನವರು ಕೋರ್ಟು ಹತ್ತಿ ವಾಪಸು ತಂದು ಮಣ್ಣು ಮಾಡಿದ್ದನ್ನೂ ಹೇಳಿದರು. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ. ಪ್ರಿನ್ಸಿಪಾಲರೂ ಕೊನೆಯ ಬೆಂಚಿನಲ್ಲಿ ಕೂತು ಕೇಳುತ್ತಿದ್ದರು.

ಅವರನ್ನು ಸ್ಟೇಷನ್ನಿಗೆ ಬಿಡಲು ಹೋದವಳು ದಾರಿಯುದ್ದಕ್ಕೂ ಸುಮಿಮಾಸೆನ್, ಸುಮಿಮಾಸೆನ್, ಕ್ಷಮಿಸಿ ಎಂದು ಬಡಬಡಿಸಿದೆ. ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲ ಎಂದು ನನಗೆ ನಿಜಕ್ಕೂ ನಾಚಿಕೆಯಾಗಿತ್ತು.

"ಎದ್ದು ಹೊರಡುವವಳೇ ಇದ್ದೆ. ನೀವು ಎದ್ದು ನಿಂತದ್ದು ನೋಡಿ ಉಳಿದೆ" ಎಂದರು.

ನನಗೆ ಕಣ್ಣು ತುಂಬಿ ಬಂತು. ಅಷ್ಟರಮಟ್ಟಿಗಾದರೂ ಪ್ರಯೋಜನಕ್ಕೆ ಬಂದೆನಲ್ಲ ಎಂದೆ.

"ಹಾಗಲ್ಲ," ಆಕೆ ನಕ್ಕುಬಿಟ್ಟರು. "ನನ್ನ ಪರವಾಗಿ ಮಾತಾಡಲು ಆಗಲೇ ಒಬ್ಬರಿದ್ದರು. ನೀವೂ ಶುರುಮಾಡಿದ್ದರೆ ನನ್ನ ಸರದಿಯೇ ಬರುತ್ತಿರಲಿಲ್ಲ."