ತಿರುಗಿಸದ ದೀಪ

ಹಗಲು ಹೊತ್ತಿನಲ್ಲಿ ಅವನೊಬ್ಬ ಗ್ಯಾಸ್ ಒಲೆ ರಿಪೇರಿಯವನು, ಅಷ್ಟೇ. ಭುಜಕ್ಕೊಂದು ಚೀಲ, ಚೀಲದಲ್ಲಿ ಸ್ಪ್ಯಾನರು, ಬರ್ನರಿನ ತೂತು ಬಿಡಿಸುವ ಸೂಜಿ, ರಬ್ಬರ್ ಪೈಪಿನ ತುಂಡುಗಳು. ಯಾರ ಅಡುಗೆಮನೆಗೆ ಹೋದರೂ "ಈ ಒಲೆ ಒರೆಸಿ ಎಷ್ಟು ವರ್ಷ ಆಯ್ತಮ್ಮಾ?" ಎಂದು ಗದರಿಸದೆ ಬಂದವನಲ್ಲ. ಕೋಪ ಮೂಗಿನ ತುದಿಯಲ್ಲೇ. ಆ ಬಾಯಿಗೆ ಹೆದರಿಯೋ ಏನೋ, ಅವನಿಗೆ ಮದುವೆಯೂ ಆಗಲಿಲ್ಲ. ಆದರೆ ಕತ್ತಲಾಗಿ ಸಮುದ್ರದಂಚಿನ ಕಲ್ಲುಕಟ್ಟೆ ಹತ್ತಿದನೋ, ಅವನ ಗತ್ತೇ ಬೇರೆ. ಅಲ್ಲಿ ಅವನು ದೀಪಣ್ಣ. ಬೊಂಡಾಸ ಹಿಡಿಯಲು ಬರುವ ಏಳೆಂಟು ಮಂದಿಗೂ ಅವನದೇ ದೀಪ, ಅವನದೇ ಮಾತು.

ಬೊಂಡಾಸವನ್ನು ನೋಡಿದ್ದೀರಲ್ಲ? ಮುಳ್ಳಿಲ್ಲದ ಮೆತ್ತನೆಯ ಮೈ, ತಲೆಗೇ ಅಂಟಿಕೊಂಡ ಹತ್ತು ಕೈ, ಹೆದರಿದರೆ ಕಪ್ಪು ಶಾಯಿ ಉಗುಳಿ ಹಿಂದು ಹಿಂದಕ್ಕೇ ಓಡುವ ಪುಕ್ಕಲು ಪ್ರಾಣಿ. ಅದಕ್ಕೆ ಬೆಳಕೆಂದರೆ ಆಸೆ, ಆ ಬೆಳಕು ಅಲ್ಲಾಡಿದರೆ ಜೀವಭಯ. ದೀಪಣ್ಣ ಮೊದಲ ಒಂದು ಗಂಟೆ ನೀರಿನ ಮೇಲೆ ಪೂರ್ತಿ ಬೆಳಕು ಬಿಡುತ್ತಿದ್ದ. ಸಣ್ಣ ಮೀನುಗಳು ಕೂಡುತ್ತಿದ್ದವು. ಅವನ್ನು ತಿನ್ನಲು ಬಂದ ಬೊಂಡಾಸಗಳು ಬೆಳಕಿನ ಅಂಚಿನಾಚೆ ಕತ್ತಲಲ್ಲಿ ಹೊಂಚು ಹಾಕುತ್ತಿದ್ದವು. ಆಮೇಲೆ ಅವನು ದೀಪದ ತಿರುಪನ್ನು ಎಳ್ಳಷ್ಟೆಳ್ಳಷ್ಟೇ ಇಳಿಸುತ್ತಾ ಹೋಗುವುದು. ಬೆಳಕು ಕುಗ್ಗಿದಂತೆ ಅವೂ ಒಳಕ್ಕೆ ಸರಿದು ಸರಿದು ಕಟ್ಟೆಯ ಬುಡಕ್ಕೇ ಬರುತ್ತವೆ. ಆಗ ಬೀಳಬೇಕು ಗಾಳಗಳು. ಅಂಥ ಹೊತ್ತಿನಲ್ಲಿ ದೀಪ ಒಂದು ಗೇಣು ಆಚೀಚೆ ಆಯಿತೋ, ಇಡೀ ಗುಂಪು ಮಾಯ. ಬೆಳಗಿನ ತನಕ ಕೂತರೂ ಮತ್ತೆ ಒಂದೂ ಸಿಗದು.

ಹಾಗಾಗಿ ಕಟ್ಟೆಯ ಮೇಲೆ ಒಂದೇ ಕಾನೂನು: ಹಚ್ಚಿದ ದೀಪವನ್ನು ತಿರುಗಿಸುವಂತಿಲ್ಲ, ಟಾರ್ಚ್ ಬಿಡುವಂತಿಲ್ಲ, ಏನೇ ಆಗಲಿ. ಒಮ್ಮೆ ಜೊತೆಗಾರರಲ್ಲೊಬ್ಬನಾದ ಅಂಚೆಯವನು ಬಿದ್ದ ಕನ್ನಡಕ ಹುಡುಕಲು ಟಾರ್ಚ್ ಒತ್ತಿಬಿಟ್ಟ. ದೀಪಣ್ಣ ಒಂದು ತಿಂಗಳು ಅವನ ಜೊತೆ ಮಾತೇ ಬಿಟ್ಟ. ಕನ್ನಡಕವೂ ಸಿಗಲಿಲ್ಲ ಅನ್ನಿ.

ಇವನ ತಮ್ಮ ಮನೆಗಳಿಗೆ ಬಣ್ಣ ಹೊಡೆಯುವವನು. ಮೂರನೇ ಮಹಡಿಯ ಹೊರಗೋಡೆಗೆ ಬಿದಿರಿನ ಅಟ್ಟಣಿಗೆ ಕಟ್ಟಿ, ಅದರ ಮೇಲೆ ನಿಂತು ಸಿಳ್ಳೆ ಹಾಕುತ್ತಾ ಕೆಲಸ ಮಾಡುವ ಆಸಾಮಿ. ಅಮ್ಮ ಹೋದಾಗ ಆರು ವರ್ಷದವನಿದ್ದ, ಸಾಕಿದ್ದೆಲ್ಲ ಅಣ್ಣನೇ. ಈಗ ತಮ್ಮ, ತಮ್ಮನ ಹೆಂಡತಿ, ಅಣ್ಣ ಮೂವರೂ ಎರಡು ಕೋಣೆಯ ಒಂದೇ ಮನೆಯಲ್ಲಿ. ಕಟ್ಟೆಯ ಮೇಲೆ ಅಣ್ಣ ದೀಪ ಹಿಡಿದರೆ, ತಮ್ಮ ಕೆಳಗಿನ ಪಾಚಿಗಲ್ಲುಗಳ ಮೇಲಿಳಿದು, ಗಾಳಕ್ಕೆ ಸಿಕ್ಕಿದ್ದು ಜಾರದಂತೆ ಉದ್ದ ಹಿಡಿಯ ಕೈಬಲೆಯಲ್ಲಿ ಎತ್ತಿಕೊಳ್ಳುತ್ತಿದ್ದ. ಅಷ್ಟು ಧೈರ್ಯ ಬೇರೆ ಯಾರಿಗೂ ಇರಲಿಲ್ಲ.

ಆ ರಾತ್ರಿ ಬಂದ ಗುಂಪಿನಂಥದ್ದನ್ನು ದೀಪಣ್ಣ ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಬೆಳಕು ಇಳಿಸಿದ ಹಾಗೆ ನೀರಿನಡಿ ಕೆಂಪು ಕೆಂಪು ಬೆನ್ನುಗಳು ಒಂದರ ಮೇಲೊಂದು. ಕಟ್ಟೆಯ ಮೇಲಿದ್ದವರಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಎಳೆ, ಬಿಡಿಸು, ಬಕೆಟ್ಟಿಗೆ ಹಾಕು, ಮತ್ತೆ ಬಿಡು. ಒಬ್ಬನ ಮುಖಕ್ಕೆ ಶಾಯಿ ಸಿಡಿದು ಎಲ್ಲರೂ ಹೋ ಎಂದು ನಗುತ್ತಿದ್ದಾಗ, ಎಡಗಡೆಯ ಕತ್ತಲಲ್ಲಿ, ಕೆಳಗೆ, ಧಡ್ ಎಂದು ಸದ್ದಾಯಿತು. ಕೈಬಲೆ ಕಲ್ಲಿಗೆ ಬಡಿದು ಉರುಳಿದ್ದೂ ಕೇಳಿತು.

ದೀಪಣ್ಣನ ಕೈ ದೀಪದ ಹಿಡಿಗೆ ಹೋಯಿತು. ಹೋದದ್ದು ನಿಜ, ಅದನ್ನು ಅವನು ಯಾವ ದೇವರ ಮುಂದೆ ಬೇಕಾದರೂ ಹೇಳಿಯಾನು. ಅಷ್ಟರಲ್ಲಿ ಕೆಳಗಿನಿಂದ ತಮ್ಮನ ದನಿ:

"ಏನಿಲ್ಲ, ಜಾರಿದೆ ಅಷ್ಟೇ! ದೀಪ ತಿರುಗಿಸ್ಬೇಡ ಅಣ್ಣಾ! ಗುಂಪು ಹೋಗ್ಬಿಡತ್ತೆ!"

ಕೈ ನಿಂತಿತು.

"ಎದ್ದೆಯೇನೋ?" ಎಂದು ಕೂಗಿದ. ಹೂಂ ಎಂದ ಹಾಗಾಯಿತು. ತಮ್ಮ ಅಂದನೋ, ಸಮುದ್ರ ಅಂದಿತೋ, ಯಾರಿಗೆ ಗೊತ್ತು? ಇನ್ನೊಮ್ಮೆ ಕೂಗಿದಾಗ ಪಕ್ಕದವರ ಗದ್ದಲದಲ್ಲಿ ಏನೂ ಕೇಳಲಿಲ್ಲ. ಎದ್ದಿರುತ್ತಾನೆ, ಆ ಕಲ್ಲುಗಳೇನು ಅವನಿಗೆ ಹೊಸವೇ ಎಂದುಕೊಂಡು ದೀಪಣ್ಣ ತಿರುಪು ಇಳಿಸುತ್ತಲೇ ಇದ್ದ. ಕಾಲು ಗಂಟೆ. ಗುಂಪು ತಾನಾಗಿ ಕರಗಿದ ಮೇಲೆ ದೀಪ ತಿರುಗಿಸಿ ನೋಡುತ್ತಾನೆ: ತಮ್ಮನ ಪಾದ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿದೆ, ಎದೆಯ ತನಕ ನೀರು, ಒಂದೊಂದು ಅಲೆಯೂ ಅವನ ಬೆನ್ನನ್ನು ಎತ್ತಿ ಎತ್ತಿ ಕಲ್ಲಿಗೆ ಬಡಿಯುತ್ತಿದೆ. ಕಣ್ಣು ತೆರೆದೇ ಇತ್ತು, ಮಾತು ಮಾತ್ರ ಇರಲಿಲ್ಲ.

ಬೆನ್ನುಮೂಳೆಗೆ ಪೆಟ್ಟು. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ದೀಪಣ್ಣ ಡಾಕ್ಟರ ಹಿಂದೆ ಹಿಂದೆಯೇ ಹೋಗಿ ಒಂದೇ ಪ್ರಶ್ನೆ ಕೇಳಿದ. "ಬಿದ್ದ ತಕ್ಷಣ ಆಗಿದ್ದಾ ಸಾರ್, ಆಮೇಲೆ ಆಗಿದ್ದಾ?"

"ಅದನ್ನ ಹೇಳಕ್ಕಾಗಲ್ಲಪ್ಪ," ಎಂದರು ಡಾಕ್ಟರು. "ಬಿದ್ದಾಗ್ಲೇ ಆಗಿರಬಹುದು. ಅಲೆ ಹೊಡೆದೂ ಆಗಿರಬಹುದು."

ಎಂಥ ಮಾತು ನೋಡಿ! ಅಲೆಯಿಂದಲೇ ಎಂದಿದ್ದರೆ ಒಂದೇ ಸಲ ಎದೆ ಒಡೆದುಕೊಂಡು ಸುಮ್ಮನಾಗುತ್ತಿದ್ದ. ಬಿದ್ದಾಗಲೇ ಎಂದಿದ್ದರೆ ಉಸಿರಾಡುತ್ತಿದ್ದ. ಎರಡೂ ಇಲ್ಲ. ಮಾರನೇ ದಿನ ಬೆಳಿಗ್ಗೆ ಅಂಚೆಯವನು ಅಣ್ಣತಮ್ಮಂದಿರ ಪಾಲನ್ನು ನಿಯತ್ತಾಗಿ ಬಕೆಟ್ಟಿನಲ್ಲಿ ತುಂಬಿಸಿ ಬಾಗಿಲಲ್ಲಿಟ್ಟು ಹೋಗಿದ್ದ. ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದ ತಮ್ಮನ ಹೆಂಡತಿ ಅದನ್ನು ನೋಡಿ, ಬಕೆಟ್ಟನ್ನು ಹಾಗೇ ಬೀದಿಗೆ ಸುರಿದಳು. ಆ ಶಾಯಿಯ ಕಲೆ ಎಷ್ಟು ತಿಕ್ಕಿದರೂ ಎಷ್ಟೋ ದಿನ ಹೋಗಲಿಲ್ಲ.

ಮನೆಗೆ ತಂದ ಮೇಲೆ ಮುಂದಿನ ಕೋಣೆಯಲ್ಲಿ ತಮ್ಮನ ಮಂಚ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಚರ್ಮ ಹುಣ್ಣಾಗುತ್ತದೆ. ರಾತ್ರಿಯ ಪಾಳಿ ದೀಪಣ್ಣನದು. ಮೂತ್ರದ ಕೊಳವೆ ಸರಿಯಿದೆಯೇ, ಚೀಲ ತುಂಬಿತೇ, ಹಿಮ್ಮಡಿಯ ಕೆಳಗೆ ದಿಂಬು ಇದೆಯೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ. ಕಟ್ಟೆಯ ಕಡೆ ತಲೆ ಹಾಕಿ ಕೂಡ ಮಲಗಲಿಲ್ಲ. ತಮ್ಮನಿಗೆ ಜಾರಿದ್ದಷ್ಟೇ ನೆನಪು. ಆಮೇಲಿನದು ಆಸ್ಪತ್ರೆಯ ಫ್ಯಾನು. ನಡುವಿನದೆಲ್ಲ ಅಳಿಸಿಹೋಗಿತ್ತು. ಹಾಗಾಗಿ ಅಣ್ಣನ ಮೇಲೆ ಅವನಿಗೆ ಪ್ರೀತಿಯೋ ಪ್ರೀತಿ. "ಅಣ್ಣ ಇಲ್ದಿದ್ರೆ ಮುಳುಗೇ ಹೋಗ್ತಿದ್ದೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಕೇಳಿದಾಗಲೆಲ್ಲ ದೀಪಣ್ಣ ನೀರು ತರುವ ನೆಪ ಮಾಡಿ ಒಳಗೆ ಹೋಗುತ್ತಿದ್ದ.

ನಾಲ್ಕು ತಿಂಗಳಾದ ಮೇಲೆ ಅಂಚೆಯವನು ನೋಡಲು ಬಂದ. ಕಿತ್ತಲೆಹಣ್ಣು ತಂದ, ಕೂತ, ಮರುಗಿದ. ಹೊರಡುವಾಗ ಬಾಯಿ ಸುಮ್ಮನಿರಬೇಕಲ್ಲ? "ಆ ದೀಪ ಒಂಚೂರು ಮುಂಚೆ ತಿರುಗ್ಸಿದ್ರೆ ಹೀಗಾಗ್ತಿರ್ಲಿಲ್ವೇನೋ. ಸದ್ದು ನಮಗೂ ಕೇಳ್ಸಿತ್ತು, ಆದ್ರೆ ದೀಪ ನಿಮ್ಮಣ್ಣನ ಕೈಲಿತ್ತಲ್ಲ," ಎಂದುಬಿಟ್ಟ. ಎಂದಮೇಲೆ ನಾಲಿಗೆ ಕಚ್ಚಿಕೊಂಡ, ಚಪ್ಪಲಿ ಹುಡುಕುತ್ತಾ ತಡಬಡಿಸಿದ. ಹಾಳಾಗಿ ಹೋಗಲಿ, ಆಡಿದ್ದು ಆಗಿಹೋಗಿತ್ತು.

ಅವತ್ತಿನಿಂದ ತಮ್ಮನ ಬಾಯಿಗೆ ಬೀಗ. ಅಣ್ಣ ಮಗ್ಗುಲು ಬದಲಿಸಲು ಬಂದರೆ ಕಣ್ಣು ಮುಚ್ಚಿಕೊಳ್ಳುವನು. ತುತ್ತು ಕೊಟ್ಟರೆ "ಅವಳು ಕೊಡ್ಲಿ" ಎನ್ನುವನು. ಒಂದು ದಿನ, ಎರಡು ದಿನ, ಎಂಟು ದಿನ. ದೀಪಣ್ಣ ಕಂಗಾಲಾದ. ಲೋಕವೆಲ್ಲ ಬಯ್ದರೂ ಅವನು ತಿರುಗಿ ಎರಡರಷ್ಟು ಬಯ್ಯಬಲ್ಲವನು. ಆದರೆ ಮೀನಿನ ಆಸೆಗೆ ಅಣ್ಣ ನನ್ನನ್ನು ಬಿಟ್ಟ ಎಂದು ಈ ಒಬ್ಬ ನಂಬಿಬಿಟ್ಟರೆ? ಹೇಳಲು ಅವನ ಬಳಿ ಇದ್ದದ್ದು ಒಂದೇ ಮಾತು: ನೀನೇ ಬೇಡ ಎಂದೆ. ಅದನ್ನು ಹೇಗೆ ಹೇಳುವುದು? ಕಾಲಿನ ಸ್ವಾಧೀನ ಕಳೆದುಕೊಂಡು ಬಿದ್ದಿರುವವನಿಗೆ ತಪ್ಪು ನಿನ್ನದೇ ಎಂದ ಹಾಗಲ್ಲವೇ? ಕೇಳಿಸಿಕೊಂಡ ಇನ್ನೊಬ್ಬನೂ ಇಲ್ಲ. ಬಸ್ಸಿನಲ್ಲಿ, ಯಾರದೋ ಅಡುಗೆಮನೆಯಲ್ಲಿ, ಬರ್ನರು ಬಿಚ್ಚಿಟ್ಟುಕೊಂಡು ಆ ಮಾತನ್ನು ಮನಸ್ಸಿನಲ್ಲೇ ಹತ್ತು ಥರ ಆಡಿ ನೋಡಿದ. ಹತ್ತೂ ಥರದಲ್ಲಿ ಅದು ಸುಳ್ಳಿನ ಹಾಗೇ ಕೇಳಿಸಿತು.

ಒಂಬತ್ತನೇ ದಿನ ಬೆಳಿಗ್ಗೆ ದೀಪಣ್ಣ ತಮ್ಮನ ಗಡ್ಡ ಹೆರೆಯಲು ಕೂತಿದ್ದ. ಒಂದು ಕೆನ್ನೆ ಆಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ.

"ಅಣ್ಣಾ," ಎಂದ ತಮ್ಮ, ಕಣ್ಣು ಮುಚ್ಚಿಕೊಂಡೇ.

"ಹೂಂ."

"ನಾನು ಬಿದ್ದಿದ್ದು ನಿಂಗೆ ಗೊತ್ತಾಯ್ತಾ, ಇಲ್ವಾ?"

"ಗೊತ್ತಾಯ್ತು."

"ಮತ್ತೆ ದೀಪ ಯಾಕೆ ತಿರುಗಿಸ್ಲಿಲ್ಲ?"

ದೀಪಣ್ಣ ರೇಜರನ್ನು ಮಗ್ಗಿನಲ್ಲಿಟ್ಟ. "ನೀನೇ ಬೇಡ ಅಂದೆ ಕಣೋ," ಎಂದ. "ಜಾರಿದೆ ಅಷ್ಟೇ, ತಿರುಗಿಸ್ಬೇಡ, ಗುಂಪು ಹೋಗತ್ತೆ ಅಂತ ಕೂಗ್ದೆ. ನಂಗೊಬ್ಬನಿಗೇ ಕೇಳ್ಸಿದ್ದು. ನಂಬಿದ್ರೆ ನಂಬು, ಬಿಟ್ರೆ ಬಿಡು. ನನ್ ಹತ್ರ ಬೇರೆ ಮಾತಿಲ್ಲ."

ತಮ್ಮ ಕಣ್ಣು ತೆರೆದು ಸೂರು ನೋಡಿದ. ನೊರೆ ಒಣಗಿ ಕೆನ್ನೆಯ ಮೇಲೆ ಬಿರುಕು ಬಿಟ್ಟಿತು.

"ಹೇಳಿರ್ತೀನಿ," ಎಂದ ಕೊನೆಗೆ. "ಖಂಡಿತ ಹೇಳಿರ್ತೀನಿ. ಅಂಥ ಗುಂಪು ಬಂದಾಗ ನೀನೇನಾದ್ರೂ ತಿರುಗ್ಸಿದ್ರೆ ನಿನ್ನ ಸುಮ್ನೆ ಬಿಡ್ತಿದ್ನಾ ನಾನು?" ಆಮೇಲೆ ಸಣ್ಣಗೆ ಕೇಳಿದ: "ಎಷ್ಟು ಸಿಕ್ತು?"

"ಅದೆಲ್ಲ ಈಗ ಯಾಕೋ."

"ಹೇಳು ಅಣ್ಣಾ, ಎಷ್ಟು?"

"ನೂರ ಅರವತ್ಮೂರು."

"ಅಬ್ಬಬ್ಬಾ!" ಎಂದ ತಮ್ಮ, ಮುಖ ಅರಳಿಸಿ. ಎಂಟು ದಿನದ ಮೇಲೆ ಕಂಡ ನಗು. ದೀಪಣ್ಣನಿಗೆ ತಡೆಯಲಾಗಲಿಲ್ಲ. ತಮ್ಮನ ತಲೆಯನ್ನು ಎದೆಗೊತ್ತಿಕೊಂಡು, ನೊರೆಯೆಲ್ಲ ಅಂಗಿಗೆ ಮೆತ್ತಿಕೊಂಡರೂ ಬಿಡದೆ, ಗಳಗಳನೆ ಅತ್ತ. ಕ್ಷಮಿಸಿದನಲ್ಲ, ನಂಬಿದನಲ್ಲ, ಇನ್ನೇನು ಬೇಕು ಎನಿಸಿತು. ನಾಲ್ಕು ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿಯಿತು ಎಂದುಕೊಂಡ.

ಅಡುಗೆಮನೆಯ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಯಾವಾಗ ಬಂದಳೋ, ಎಲ್ಲ ಕೇಳಿಸಿಕೊಂಡಿದ್ದಳು. ಕೈಯಲ್ಲಿ ಒಗೆದು ಹಿಂಡಿದ ಹಾಸಿಗೆಬಟ್ಟೆ.

"ಭಾವ," ಎಂದಳು.

"ಏನಮ್ಮಾ?"

"ಅವ್ರು ಬೇಡ ಅಂದ್ರು, ಸರಿ. ಅವ್ರು ಹಾಗೇ ಅನ್ನೋರೇ. ಚಿಕ್ಕವರಿದ್ದಾಗ ಜ್ವರ ಬಂದು ಔಷಧಿ ಬೇಡ ಅಂತ ಹಟ ಮಾಡಿರ್ತಾರಲ್ಲ, ಆಗ್ಲೂ ನೀವು ಅವ್ರ ಮಾತು ಕೇಳ್ತಿದ್ರಾ?"

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನು ಹೇಗೋ ಎದುರಾಡುತ್ತಿದ್ದ. ಅವಳು ನಿಜವಾಗಿಯೂ ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು. ಒದ್ದೆ ಬಟ್ಟೆಯಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

"ಬಿಡೇ, ಆಗಿದ್ದು ಆಯ್ತು," ಎಂದ ತಮ್ಮ.

ದೀಪಣ್ಣ ರೇಜರ್ ಎತ್ತಿಕೊಂಡ. ಉಳಿದ ಕೆನ್ನೆಗೆ ಮತ್ತೆ ಸೋಪು ಹಚ್ಚಿದ. ರೇಜರನ್ನು ಕೆನ್ನೆಯ ಹತ್ತಿರಕ್ಕೆ ಒಯ್ದವನು ಅಲ್ಲೇ ನಿಲ್ಲಿಸಿದ. ಎದ್ದು ಅವಳ ಕೈಗೆ ರೇಜರ್ ಕೊಟ್ಟು, ಅವಳ ಮುಖ ನೋಡಲಾರದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಇಲ್ಲಮ್ಮಾ, ಮೂಗು ಹಿಡಿದು ಕುಡಿಸುತ್ತಿದ್ದೆ ಎಂದು ಅವಳಿಗೆ ಹೇಳಬೇಕಿತ್ತು.